ಸೋಮವಾರದ ಶಾಲೆಗಳು

ನಾನು ನಿವೃತ್ತನಾದ ದಿನ ಕಚೇರಿಯವರು ಚೆಂಡುಹೂವಿನ ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ, ದುರ್ಗದ ಸುತ್ತಿನ ನಾಲ್ಕು ತಾಲ್ಲೂಕುಗಳಿಗೆ ವಿದ್ಯೆ ತಂದವರು ಇವರೇ ಎಂದು ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಕೇಳುತ್ತ ಕುಳಿತೆ. ಆದರೆ ಒಬ್ಬೊಬ್ಬರು ಎದ್ದು ನನ್ನ ಹಳೆಯ ತಪಾಸಣೆಗಳ ಮಾತು ಎತ್ತಿದಾಗಲೂ ಹಾರದ ನಾರು ಕುತ್ತಿಗೆಗೆ ಒತ್ತುತ್ತಿತ್ತು. ಆ ತಪಾಸಣೆಗಳು ವಾರದ ಯಾವ ದಿನ ನಡೆದಿದ್ದವು ಎಂಬುದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದ ನನ್ನ ಎತ್ತಿನ ಬಂಡಿಯವನು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವನಿದ್ದಿದ್ದರೆ ಬಾಗಿಲ ಬಳಿ ನಿಂತು ನಗುತ್ತಿದ್ದ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆ ನೀರನ್ನು ಇಲ್ಲಿ ಕುಡಿಯುತ್ತಿದ್ದೇನೆ.

ನಾನು ಮೊದಲು ಮೇಷ್ಟ್ರು. ಚಿತ್ರದುರ್ಗದ ಕೋಟೆಯ ಕೆಳಗೆ, ಪೇಟೆ ಬೀದಿಯ ಕೊನೆಯಲ್ಲಿದ್ದ ಶಾಲೆಯಲ್ಲಿ ಒಂಬತ್ತು ವರ್ಷ ಪಾಠ ಹೇಳಿದೆ. ಲೆಕ್ಕ ನನ್ನ ವಿಷಯ, ಸಿಟ್ಟು ನನ್ನ ಸ್ವಭಾವ. ಶಾಲೆಯಲ್ಲಿ ಒಂದು ಗೋಡೆ ಗಡಿಯಾರ ಇತ್ತು. ಅದಕ್ಕೆ ಕೀಲಿ ಕೊಡುವ ಕೆಲಸವನ್ನು ನಾನು ಜವಾನನಿಗೂ ಬಿಟ್ಟವನಲ್ಲ. ಹನ್ನೊಂದು ಹೊಡೆದ ಮೇಲೆ ಹೊಸ್ತಿಲು ದಾಟಿದ ಹುಡುಗ ಸಾಹುಕಾರನ ಮಗನೇ ಆಗಲಿ, ಮಠದ ಕಡೆಯವನೇ ಆಗಲಿ, ಮಧ್ಯಾಹ್ನದವರೆಗೆ ಹೊರಗೆ ನಿಲ್ಲಬೇಕು. ಊರಿನವರು ನನ್ನನ್ನು ಗಡಿಯಾರದ ಮೇಷ್ಟ್ರು ಎನ್ನುತ್ತಿದ್ದರು. ನನಗೆ ಅದು ಬಿರುದಿನ ಹಾಗೆ ಕೇಳುತ್ತಿತ್ತು.

ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ ಅದು. ಮಹಾರಾಜರ ಸರ್ಕಾರ ಹಳ್ಳಿ ಹಳ್ಳಿಗೂ ಶಾಲೆ ಆಗಬೇಕು ಎನ್ನುತ್ತಿತ್ತು. ಇಲಾಖೆಗೆ ನನ್ನಂಥ ಕಟ್ಟುನಿಟ್ಟಿನವರು ಬೇಕಾಗಿದ್ದರು. ನನ್ನನ್ನು ಶಾಲೆಗಳ ಇನ್ಸ್‌ಪೆಕ್ಟರ್ ಮಾಡಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿ ಶಾಲೆಗಳನ್ನು ಒಪ್ಪಿಸಿದರು. ಹೊಸ ಮುಚ್ಚುಕೋಟು ಹೊಲಿಸಿಕೊಂಡೆ, ಸರಿಗೆಯ ಅಂಚಿನ ರುಮಾಲು ತಂದೆ. ಹೆಂಡತಿ ನೋಡಿ, ಮದುವೆಯ ದಿನವೂ ಇಷ್ಟು ಚೆನ್ನಾಗಿ ಕಟ್ಟಿಕೊಂಡಿರಲಿಲ್ಲ ಎಂದಳು.

ಹಳ್ಳಿಗಳಲ್ಲಿ ಆಗ ಇದ್ದದ್ದು ಕೂಲಿಮಠಗಳು. ಯಾರದೋ ಮನೆಯ ಜಗಲಿಯ ಮೇಲೆ ಐಗಳು ಕುಳಿತು ಮಕ್ಕಳ ಬೆರಳು ಹಿಡಿದು ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಕೋಳಿ ಕೂಗಿದಾಗ ಪಾಠ ಶುರು. ಮಕ್ಕಳು ಹೊಲಕ್ಕೆ ಹೋಗುವ ಹೊತ್ತಿಗೆ ಬಿಡುವು. ದೀಪ ಹಚ್ಚುವ ಹೊತ್ತಿಗೆ ಮತ್ತೆ ಕುಳಿತು ಮಗ್ಗಿ ಒಪ್ಪಿಸುವುದು. ಅಮಾವಾಸ್ಯೆ ಹುಣ್ಣಿಮೆಗೆ ರಜ. ಇದೆಲ್ಲ ನನ್ನ ಕಣ್ಣಿಗೆ ಶುದ್ಧ ಅವ್ಯವಸ್ಥೆ. ಐಗಳ ಜಾಗಕ್ಕೆ ಸರ್ಕಾರಿ ಮೇಷ್ಟ್ರನ್ನು ತಂದೆ. ಹನ್ನೊಂದರಿಂದ ಐದರವರೆಗೆ ಶಾಲೆ, ಭಾನುವಾರ ರಜ, ದಿನವೂ ಹಾಜರಿ ಪುಸ್ತಕ. ನನ್ನ ಸುಧಾರಣೆ ಎಂದರೆ ಮುಖ್ಯವಾಗಿ ಇಷ್ಟೇ. ಗಡಿಯಾರವನ್ನು ದುರ್ಗದ ಗೋಡೆಯಿಂದ ಇಳಿಸಿ ನಾಲ್ಕು ತಾಲ್ಲೂಕಿಗೂ ಕಟ್ಟಿದೆ ಎನ್ನಬಹುದು.

ಪ್ರಯಾಣ ಎತ್ತಿನ ಬಂಡಿಯಲ್ಲಿ. ನನಗೆ ಸಿಕ್ಕ ಬಂಡಿಯವನು ಲಿಂಗ ಕಟ್ಟಿದ ರೈತ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಮೊದಲ ಸಲ ಹೊರಟಾಗಲೇ ನಮಗೆ ಜಗಳ ಬಿತ್ತು. ಸೋಮವಾರ ಬೆಳಿಗ್ಗೆ ಮುಂದಿನ ಊರಿಗೆ ಹೊರಡೋಣ ಎಂದರೆ ಅವನು ಎತ್ತುಗಳ ಮೈ ತಿಕ್ಕುತ್ತ ಕುಳಿತಿದ್ದ.

"ಇವತ್ತು ಆಗಾದಿಲ್ಲ ಸ್ವಾಮಿ. ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡಾದಿಲ್ಲ ನಾವು."

"ಸರ್ಕಾರಿ ಕೆಲಸ ಕಣಯ್ಯ ಇದು."

"ಸರ್ಕಾರದೋರು ಬಂಡಿ ಎಳೀತೀವಿ ಅಂದ್ರೆ ಎಳೀಲಿ. ಬಸವಣ್ಣ ಎಳಿಯಾದಿಲ್ಲ."

ನಾನು ಕೂಗಾಡಿದೆ. ಅವನು ಎತ್ತಿನ ಬಾಲ ತೊಳೆದ. ಬೇರೆ ಬಂಡಿ ಹುಡುಕಿದರೆ ಅವರೂ ಅದೇ ಮಾತು. ಆ ಸೀಮೆಯಲ್ಲಿ ಸೋಮವಾರ ಆರು ಕಟ್ಟಿ ಉಳುವವರಿಲ್ಲ, ಗಾಡಿ ಹೂಡುವವರಿಲ್ಲ. ಕೊನೆಗೆ ನಾನೇ ಸೋತು ನನ್ನ ವಾರವನ್ನು ಅದಕ್ಕೆ ಹೊಂದಿಸಿಕೊಂಡೆ. ಶನಿವಾರ ಮಧ್ಯಾಹ್ನ ದುರ್ಗ ಬಿಟ್ಟರೆ ಭಾನುವಾರ ಸಂಜೆಗೆ ಯಾವುದಾದರೊಂದು ಹಳ್ಳಿ. ಸೋಮವಾರ ಹೇಗೂ ಬಂಡಿ ಕದಲುವುದಿಲ್ಲ, ಇಡೀ ದಿನ ಶಾಲೆಯ ತಪಾಸಣೆ. ಮಂಗಳವಾರ ಬೆಳಗಾಗುವಾಗ ಹೊರಟರೆ ಬುಧವಾರ ಮನೆ. ಗುರುವಾರ, ಶುಕ್ರವಾರ ಕಚೇರಿಯಲ್ಲಿ ಕುಳಿತು ವರದಿ. ಹೀಗೆ ವಾರ ವಾರವೂ, ವರ್ಷ ವರ್ಷವೂ ನಡೆಯಿತು. ಅಚ್ಚುಕಟ್ಟಾದ ಏರ್ಪಾಡು ಎಂದು ನನಗೆ ಹೆಮ್ಮೆಯೂ ಇತ್ತು.

ಶಾಲೆಗಳು ತುಂಬಿರುತ್ತಿದ್ದವು. ಕಣ್ಣು ತುಂಬುವಷ್ಟು ತುಂಬಿರುತ್ತಿದ್ದವು. ಹೊಳಲ್ಕೆರೆ ಸೀಮೆಯ ಒಂದು ಊರಿನಲ್ಲಂತೂ ಒಳಗೆ ಜಾಗ ಸಾಲದೆ ಜಗಲಿಯ ಮೇಲೂ ಕುಳಿತಿದ್ದರು. ಎಲ್ಲರಿಗೂ ಮೈ ತೊಳೆದಿದೆ, ತಲೆಗೆ ಎಣ್ಣೆ ಹಚ್ಚಿ ಬಾಚಿದೆ, ಹಣೆಯಲ್ಲಿ ವಿಭೂತಿ. ಇನ್ಸ್‌ಪೆಕ್ಟರ್ ಬರುತ್ತಾರೆಂದು ತಾಯಂದಿರು ತೋರಿಸಿದ ಗೌರವ ಇದು ಎಂದು ನಾನು ತಿಳಿದೆ. ಹಾಜರಿ ಪುಸ್ತಕ ತೆಗೆದು ತಲೆ ಎಣಿಸುತ್ತಿದ್ದೆ. ಪುಸ್ತಕದಲ್ಲಿ ಇದ್ದಷ್ಟು ಮಕ್ಕಳು ನೆಲದ ಮೇಲೂ ಇದ್ದರು. ಆ ದಿನದ ಹಾಜರಿ ಸರಿ ಇದ್ದ ಮೇಲೆ ಹಿಂದಿನ ದಿನಗಳದ್ದೂ ಸರಿ ಎಂದು ನಂಬಿದೆ. ಲೆಕ್ಕದ ಮೇಷ್ಟ್ರು ನಾನು. ನನ್ನ ವಿದ್ಯಾರ್ಥಿ ಯಾರಾದರೂ ಒಂದು ಮನೆ ನೋಡಿ ಊರನ್ನೇ ಅಳೆದಿದ್ದರೆ ಕಿವಿ ಹಿಂಡುತ್ತಿದ್ದೆ.

ತುಂಬದ ಶಾಲೆ ಒಂದೇ ಒಂದು. ಅದು ಹಿರಿಯೂರು ತಾಲ್ಲೂಕಿನಲ್ಲಿ, ಕುರಿ ಸಾಕುವವರ ಹಟ್ಟಿಯಲ್ಲಿ ಇತ್ತು. ಬಬ್ಬೂರಿನಲ್ಲಿ ಬಂಡಿ ಬಿಟ್ಟು ಎರಡು ಮೈಲಿ ನಡೆಯಬೇಕು. ಜಾಲಿ ಮುಳ್ಳಿನ ಬೇಲಿ ಹಾಕಿದ ಕುರಿ ರೊಪ್ಪಗಳು, ಅವುಗಳ ನಡುವೆ ಇಪ್ಪತ್ತೋ ಮೂವತ್ತೋ ಗುಡಿಸಲು, ಒಂದು ಬೇವಿನ ಮರ. ಮರದ ಪಕ್ಕದ ಮಣ್ಣಿನ ಗೋಡೆಯ ಕೋಣೆಯೇ ಶಾಲೆ. ನಾನು ಮೊದಲ ಸಲ ಹೋದದ್ದು ಹನ್ನೊಂದೂವರೆಗೆ. ಒಳಗೆ ಮೇಷ್ಟ್ರು ಒಬ್ಬರೇ ಕುಳಿತು ಬಳಪಗಳನ್ನು ಉದ್ದಕ್ಕೆ ತಕ್ಕಂತೆ ಜೋಡಿಸುತ್ತಿದ್ದರು. ಒಂದು ಮಗುವೂ ಇಲ್ಲ. ಹಟ್ಟಿಯಲ್ಲಿ ಮುದುಕಿಯರು, ಹಾಲು ಕುಡಿಯುವ ಕುರಿಮರಿಗಳು ಬಿಟ್ಟರೆ ಯಾರೂ ಇರಲಿಲ್ಲ.

ಆ ಮೇಷ್ಟ್ರು ಹೊಸದುರ್ಗದ ಕಡೆಯವರು, ಕೂಲಿಮಠದ ಐಗಳ ಮಗ. ಸಣಕಲು ಮೈ, ಎತ್ತರದ ಆಳು. ನನ್ನನ್ನು ಕಂಡು ಎದ್ದು ಕೈಮುಗಿದು, ಇದ್ದ ಒಂದೇ ಮಣೆ ಒರೆಸಿ ಹಾಕಿದರು.

"ಕುಂತ್ಕಳ್ರಿ ಸ್ವಾಮಿ. ಬಿಸಿಲಾಗೆ ಬಂದೀರಿ."

"ಮಕ್ಕಳೆಲ್ಲಿ?"

"ಕುರಿ ಹಿಂದೆ ಹೋಗ್ಯಾವೆ. ಇಬ್ಬನಿ ಆರಿದ ಮ್ಯಾಲೆ ಕುರಿ ಬಿಡ್ತಾರೆ. ಇಬ್ಬನಿ ಹುಲ್ಲು ಮೇದ್ರೆ ಕುರಿಗೆ ರೋಗ ಬರ್ತೈತೆ. ಅದ್ಕೆ ಬೆಳಕು ಹರಿದಾಗಿಂದ ಇಬ್ಬನಿ ಆರೋತನಕ ಮಕ್ಕಳು ಖಾಲಿ ಇರ್ತಾವೆ. ಅವಾಗ ಪಾಠ ಮಾಡ್ತೀನಿ. ಸಂಜೆ ಕುರಿ ಬಂದು ಮರಿ ಹಾಲು ಕುಡಿಯೋ ಹೊತ್ನಾಗೆ ಮತ್ತೊಂದೀಟು. ಬೆಳಗ್ಗೆ ಒಂದ್ಸಲ ಬಂದು ನೋಡ್ರಿ ಸ್ವಾಮಿ."

"ಸರ್ಕಾರಿ ಶಾಲೆಯ ಹೊತ್ತು ಹನ್ನೊಂದರಿಂದ ಐದು" ಎಂದೆ.

ಅವರು ಇನ್ನೇನೋ ಹೇಳಿದರು. ಹಾಜರಿ ಪುಸ್ತಕ ತೋರಿಸಿದರು. ಹನ್ನೊಂದು ಗಂಟೆಯ ಅಂಕಣದಲ್ಲಿ ದಿನವೂ ಗೈರುಹಾಜರಿ ಎಂದು ಪ್ರಾಮಾಣಿಕವಾಗಿ ಬರೆದಿದ್ದರು. ಬೆಳಗಿನ ಪಾಠಕ್ಕೆ ಬಂದವರನ್ನು ಬೇರೊಂದು ಹಾಳೆಯಲ್ಲಿ ಗುರುತು ಮಾಡಿಟ್ಟಿದ್ದರು. ಆ ಹಾಳೆ ಇಲಾಖೆಯ ನಮೂನೆಯಲ್ಲಿ ಇಲ್ಲ ಎಂದು ನಾನು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಆ ದಿನ ರುಮಾಲು ಸುತ್ತಿಕೊಂಡಿದ್ದ ಕೋಣ ನಾನು.

ಹೀಗೆ ಮೂರು ಸಲ ಹೋದೆ. ಮೂರು ಸಲವೂ ಅದೇ ಖಾಲಿ ಕೋಣೆ, ಅದೇ ಮಾತು. ರೈತರ ಮಕ್ಕಳು ಶಾಲೆಗೆ ಬಂದು ತುಂಬಿಕೊಳ್ಳುವಾಗ ಕುರಿಯವರ ಮಕ್ಕಳಿಗೆ ಏನು ಧಾಡಿ ಎಂದು ನನಗೆ ರೇಗಿತು. ಜನರ ದೋಷ ಅರ್ಧ, ಮೇಷ್ಟ್ರ ಸೋಮಾರಿತನ ಅರ್ಧ ಎಂದು ತೀರ್ಮಾನಿಸಿದೆ. ಮೂರನೆಯ ಸಲ ಹೋಗಿ ಬಂದವನೇ ಶಾಲೆ ಮುಚ್ಚಲು ಬರೆದೆ. ಮೇಲಿನವರು ಒಪ್ಪಿದರು. ಆಜ್ಞೆ ನನ್ನ ರುಜುವಿನಲ್ಲೇ ಹೋಯಿತು. ಮೇಷ್ಟ್ರನ್ನು ದರ್ಜೆ ಇಳಿಸಿ ಹೊಸದುರ್ಗ ತಾಲ್ಲೂಕಿನ ಒಂದು ಶಾಲೆಗೆ ಹಾಕಿದೆ. ಅವರು ಅಲ್ಲಿ ಹೋಗಿ ಹಾಜರಾಗಲಿಲ್ಲ, ರಾಜೀನಾಮೆ ಕಳಿಸಿದರು. ಒಳ್ಳೆಯದೇ ಆಯಿತು ಎಂದುಕೊಂಡು ಕಾಗದವನ್ನು ಕಡತಕ್ಕೆ ಸೇರಿಸಿದೆ.

ಅದಾದ ಮೇಲೆ ನನ್ನ ನಾಲ್ಕು ತಾಲ್ಲೂಕುಗಳಲ್ಲಿ ಖಾಲಿ ಶಾಲೆ ಎಂಬುದೇ ಉಳಿಯಲಿಲ್ಲ. ಬೆಂಗಳೂರಿನ ದೊಡ್ಡ ಕಚೇರಿಯಲ್ಲಿ ನನ್ನ ವರದಿಗಳನ್ನು ಬೇರೆ ಜಿಲ್ಲೆಯವರಿಗೆ ತೋರಿಸುತ್ತಿದ್ದಾರೆಂದು ಕೇಳಿದೆ. ನನಗೆ ಬಡ್ತಿ ಕೊಡುವ ಮಾತು ನಡೆಯಿತು. ಅದಕ್ಕೆ ಮೊದಲು ಇಲಾಖೆಯ ಹಿರಿಯ ಅಧಿಕಾರಿಗಳೊಬ್ಬರು ನನ್ನ ಶಾಲೆಯೊಂದನ್ನು ತಾವೇ ನೋಡಬೇಕೆಂದು ಕಾಗದ ಬರೆದರು. ರೈಲಿನಲ್ಲಿ ಬರುತ್ತಾರೆ. ಗುರುವಾರ.

ಜಗಲಿಯವರೆಗೂ ಮಕ್ಕಳು ತುಂಬಿದ್ದ ಹೊಳಲ್ಕೆರೆ ಸೀಮೆಯ ಆ ಊರನ್ನೇ ಆರಿಸಿದೆ. ಮೇಷ್ಟ್ರಿಗೆ ಮುಂಚಿತವಾಗಿ ತಿಳಿಸಬೇಕಾಗಿಲ್ಲ, ನನ್ನ ಶಾಲೆ ಯಾವತ್ತು ನೋಡಿದರೂ ಒಂದೇ ಎಂದು ಅಧಿಕಾರಿಗಳ ಮುಂದೆ ಎದೆ ಉಬ್ಬಿಸಿ ಹೇಳಿದೆ. ಅವರು ಹಿತಮಿತದ ಮನುಷ್ಯರು, ಸರಿ ಎಂದರು. ನಿಲ್ದಾಣದಿಂದ ನಮ್ಮ ಬಂಡಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಬಂಡಿಯವನು ಹಿಂದೆ ತಿರುಗಿ ತಿರುಗಿ ನನ್ನ ಮುಖ ನೋಡುತ್ತಿದ್ದ. ಎಲೆ ಅಡಿಕೆ ಬೇಕೇನೋ ಎಂದು ನಾನು ಸುಮ್ಮನಿದ್ದೆ.

ಶಾಲೆಯಲ್ಲಿ ಆರು ಮಕ್ಕಳಿದ್ದರು. ಒಬ್ಬ ಶಾನುಭೋಗರ ಮಗ, ಇಬ್ಬರು ಅಂಗಡಿಯವರ ಮಕ್ಕಳು, ಒಬ್ಬನಿಗೆ ಕಾಲಿಗೆ ಪೆಟ್ಟಾಗಿ ಬಟ್ಟೆ ಸುತ್ತಿತ್ತು. ಉಳಿದ ಇಬ್ಬರು ಅಕ್ಷರ ಕಲಿಯುವ ವಯಸ್ಸಿನವರೇ ಅಲ್ಲ, ಮೂಗು ಸುರಿಸುತ್ತ ಮೂಲೆಯಲ್ಲಿ ಮಣ್ಣು ಕೆರೆಯುತ್ತಿದ್ದರು. ಮೇಷ್ಟ್ರು ಗೋಡೆಗೆ ಒರಗಿ ತೂಕಡಿಸುತ್ತಿದ್ದವರು ನಮ್ಮನ್ನು ಕಂಡು ಎದ್ದು ನಿಂತರು. ಅಧಿಕಾರಿಗಳು ಹಾಜರಿ ಪುಸ್ತಕ ತಿರುವಿದರು. ಆ ವಾರದ ಎಲ್ಲ ದಿನವೂ ಎಲ್ಲ ಮಕ್ಕಳೂ ಹಾಜರಿದ್ದರು. ಮರುದಿನದ್ದನ್ನೂ ಮೇಷ್ಟ್ರು ತುಂಬಿಟ್ಟಿದ್ದರು.

ಹೊರಗೆ ಜಗಲಿಯ ಮೇಲೆ ಊರಿನ ಹಿರಿಯರೊಬ್ಬರು ಕುಳಿತಿದ್ದರು. ಅಧಿಕಾರಿಗಳು ಅವರನ್ನೇ ಕೇಳಿದರು, ಮಕ್ಕಳೆಲ್ಲಿ ಎಂದು.

"ಬಾವಿ ನೀರೆತ್ತೋ ಕಪಿಲೆ ಹೊಡೆಯಾಕೆ ಹೋಗ್ಯಾರೆ. ಕೆಲವು ಹಕ್ಕಿ ಕಾಯ್ತಾವೆ, ಕೆಲವು ಕುಂಟೆ ಹಿಂದೆ ಅವೆ. ಎತ್ತು ದುಡಿಯೋ ದಿನ ಹುಡುಗರಿಗೂ ದುಡಿತ ಇರ್ತೈತಲ್ಲ." ಆಮೇಲೆ ನನ್ನ ಕಡೆ ತಿರುಗಿ ನಿಜವಾದ ಕನಿಕರದಿಂದ ಹೇಳಿದರು, "ಸೋಮವಾರ ಕರ್ಕಂಡು ಬರಬೇಕಿತ್ತು ಸ್ವಾಮಿ ನೀವು. ಗೊತ್ತಿದ್ದೂ ಗುರುವಾರ ಬಂದೀರಲ್ಲ."

ಅಧಿಕಾರಿಗಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬಂಡಿಯಲ್ಲಿ ಕುಳಿತ ಮೇಲೆ, ನಿಮ್ಮ ಪ್ರವಾಸದ ದಿನಚರಿ ಜೊತೆಗಿದೆಯೇ ಎಂದು ಕೇಳಿದರು. ಕೊಟ್ಟೆ. ಅವರು ಒಂದೊಂದೇ ಹಾಳೆ ತಿರುವಿ ನೋಡಿದರು. ಸೋಮವಾರ, ಸೋಮವಾರ, ಸೋಮವಾರ. ನಾಲ್ಕು ವರ್ಷ ನಾನು ಒಂದೇ ವಾರವನ್ನು ತಪಾಸಣೆ ಮಾಡಿದ್ದೆ. ದಿನಚರಿಯನ್ನು ಹಿಂದಕ್ಕೆ ಕೊಟ್ಟು ಅವರು ಹೊಲಗಳ ಕಡೆ ನೋಡುತ್ತ ಕುಳಿತರು. ದೂರದ ಬಾವಿಯ ಮೇಲೆ ಒಬ್ಬ ಹುಡುಗ ಕಪಿಲೆಯ ಹಗ್ಗದ ಮೇಲೆ ಕುಳಿತು ಎತ್ತು ಹೊಡೆಯುತ್ತಿದ್ದ. ನನ್ನ ಹಾಜರಿ ಪುಸ್ತಕದ ಪ್ರಕಾರ ಅವನು ಆ ಹೊತ್ತಿನಲ್ಲಿ ಮೂರನೆಯ ತರಗತಿಯಲ್ಲಿದ್ದ.

ಅವರನ್ನು ರೈಲು ಹತ್ತಿಸಿದ ಮೇಲೆ ಬಂಡಿಯವನ ಮೇಲೆ ಸಿಟ್ಟು ತೀರಿಸಿಕೊಳ್ಳಲು ಹೋದೆ. ನಿನಗೆ ಗೊತ್ತಿತ್ತೇನಯ್ಯ, ಯಾಕೆ ಹೇಳಲಿಲ್ಲ ಎಂದೆ.

"ಗೊತ್ತಿಲ್ದೆ ಏನು ಸ್ವಾಮಿ, ಇದು ಮಕ್ಕಳಿಗೂ ಗೊತ್ತೈತೆ. ಮಕ್ಕಳು ಸಿಗೋ ದಿನ ನೋಡ್ಕಂಡು ಬರ್ತೀರಿ, ಶಾಣ್ಯಾರು ಅನ್ಕಂಡಿದ್ದೆ ನಾನು."

ಮರದ ಕೆಳಗೆ ಕುಳಿತು ಲೆಕ್ಕ ಹಾಕಿದೆ. ಎತ್ತಿಗೆ ಸೋಮವಾರ ಬಿಡುವು, ಆದ್ದರಿಂದ ಎತ್ತಿನ ಹಿಂದಿನ ಮಕ್ಕಳಿಗೂ ಬಿಡುವು, ಆದ್ದರಿಂದ ನನ್ನ ಶಾಲೆ ಭರ್ತಿ. ಎಣ್ಣೆ ಹಚ್ಚಿದ ತಲೆ, ಹಣೆಯ ವಿಭೂತಿ, ಎಲ್ಲವೂ ಶಿವನ ವಾರಕ್ಕೆ ಸಂದ ಗೌರವ, ನನಗಲ್ಲ. ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಕುರಿಗೆ ಸೋಮವಾರ ಇಲ್ಲ. ಕುರಿ ದಿನವೂ ಮೇಯಬೇಕು. ಹಟ್ಟಿಯ ಕೋಣೆ ನನಗೆ ಖಾಲಿ ಕಂಡದ್ದು ಅದಕ್ಕೆ. ನಾಲ್ಕು ತಾಲ್ಲೂಕಿನಲ್ಲಿ ನನಗೆ ನಿಜ ಹೇಳಿದ ಹಾಜರಿ ಪುಸ್ತಕ ಅದೊಂದೇ. ನಿಜವಾಗಿ ದಿನವೂ ನಡೆಯುತ್ತಿದ್ದ ಶಾಲೆಯೂ ಬಹುಶಃ ಅದೊಂದೇ. ಅದನ್ನೇ ಹುಡುಕಿ ಮುಚ್ಚಿದ್ದೆ. ಬಡ್ತಿ ಹೋಯಿತಲ್ಲ ಎಂಬ ಸಂಕಟ ಬೆಳಗಿನಿಂದ ಇತ್ತು, ಇದು ಬೇರೆ ಸಂಕಟ.

ಹಟ್ಟಿಯ ಮೇಷ್ಟ್ರು ಹಾಲುರಾಮೇಶ್ವರದಲ್ಲಿದ್ದಾರೆಂದು ವಿಚಾರಿಸಿ ತಿಳಿದೆ. ಶನಿವಾರ ಅಲ್ಲಿಗೆ ಹೋದೆ. ದೇವಸ್ಥಾನದ ಹೊರಗೆ ಚಾಪೆ ಹಾಸಿಕೊಂಡು, ಯಾತ್ರೆಗೆ ಬಂದವರಿಗೆ ಕಾಗದ ಬರೆದುಕೊಡುತ್ತ ಕುಳಿತಿದ್ದರು. ನನ್ನನ್ನು ಕಂಡು ಎದ್ದರು. ಕೈಮುಗಿಯುವ ಮೊದಲು ಒಂದು ಕ್ಷಣ ತಡೆದರು, ಆಮೇಲೆ ಮುಗಿದರು. ನಡೆದದ್ದನ್ನು ನಾನು ಮುಚ್ಚಿಡದೆ ಹೇಳಿದೆ. ನನ್ನಿಂದ ತಪ್ಪಾಯಿತು ಎಂಬ ಮಾತನ್ನು ನಾನು ಅದುವರೆಗೆ ಯಾರಿಗೂ ಹೇಳಿದವನಲ್ಲ. ಹೆಂಡತಿಗೂ ಹೇಳಿದವನಲ್ಲ. ಅವತ್ತು ಅವರ ಮುಂದೆ ಹೇಳಿದೆ.

ಅವರು ಶಾಯಿಯ ಕುಪ್ಪಿಗೆ ಮುಚ್ಚಳ ಹಾಕಿದರು.

"ನನ್ನ ತಾವ ಹೇಳಿದ್ರೆ ಏನು ಬಂತು ಸ್ವಾಮಿ. ನನಗೆ ಹೊಟ್ಟೆಪಾಡು ನಡೀತೈತೆ. ಹಟ್ಟಿಗೆ ಹೋಗ್ರಿ. ನಿಮ್ಮ ಕಾಗದ ಅವರ ತಾವ ಐತೆ. ಅವರು ಮೇಷ್ಟ್ರು ಬೇಕು ಅಂದ್ರೆ ನಾನು ಬರ್ತೀನಿ, ನೀವು ಅಂದ್ರೆ ಅಲ್ಲ."

ಅಲ್ಲಿಂದ ಹೊರಟು ನಾಲ್ಕನೆಯ ದಿನ ಬಬ್ಬೂರಿನಲ್ಲಿ ಉಳಿದೆ. ಈ ಸಲ ಗಡಿಯಾರ ನೋಡಲಿಲ್ಲ. ಕೋಳಿ ಕೂಗಿದಾಗ ಎದ್ದು ನಡೆದೆ. ಹಟ್ಟಿ ತಲುಪಿದಾಗ ಬೆಳಕು ಹರಿದಿತ್ತು. ಹುಲ್ಲಿನ ಮೇಲೆ ಇಬ್ಬನಿ ಇತ್ತು, ನನ್ನ ಪಂಚೆಯ ಅಂಚು ನೆನೆದಿತ್ತು. ಕುರಿಗಳು ರೊಪ್ಪದಲ್ಲೇ ಇದ್ದವು. ಮತ್ತು ಹಟ್ಟಿಯ ತುಂಬ ಮಕ್ಕಳಿದ್ದರು. ಬೇವಿನ ಕಡ್ಡಿ ಅಗಿಯುತ್ತ, ಕಂಬಳಿ ಹೊದ್ದು, ಬಿಸಿಲು ಕಾಯುತ್ತ, ಬೇಲಿಯ ಉದ್ದಕ್ಕೂ ಕುಳಿತಿದ್ದರು. ಮಾಡಲು ಅವರಿಗೆ ಆ ಹೊತ್ತಿನಲ್ಲಿ ಏನೂ ಕೆಲಸವಿರಲಿಲ್ಲ. ಮೂವತ್ತಕ್ಕೆ ಕಡಿಮೆ ಇರಲಿಕ್ಕಿಲ್ಲ. ಎಣಿಸುವ ಧೈರ್ಯ ಬರಲಿಲ್ಲ.

ಹಟ್ಟಿಯ ಯಜಮಾನ ಕಂಬಳಿ ಹಾಸಿ ಕೂರಿಸಿದ. ಕುರಿಯ ಹಾಲು ಕಾಯಿಸಿ ಕೊಟ್ಟರು. ಅವನಿಗೆ ನನ್ನ ಗುರುತು ಹತ್ತಲಿಲ್ಲ. ಮೂರು ಸಲ ಬಂದಾಗಲೂ ಅವನು ಕುರಿಯ ಹಿಂದೆ ಹೋಗಿದ್ದ, ನಾನೂ ಅವನನ್ನು ಕಂಡಿರಲಿಲ್ಲ. ಇಸ್ಕೂಲಿನ ಕಡೆಯವನು ಎಂದಷ್ಟೇ ಹೇಳಿಕೊಂಡೆ. ಹೇಡಿತನ ಎಂದರೆ ಹೇಡಿತನವೇ.

"ಇಸ್ಕೂಲು ಇತ್ತು ಸ್ವಾಮಿ, ತೆಗೆದು ಹಾಕಿದ್ರು. ಯಾಕೆ ಅಂತ ಕಾಗದ ಕೊಟ್ಟಾರೆ. ನಂಗೆ ಓದಾಕೆ ಬರಾದಿಲ್ಲ. ಮೊಮ್ಮಗಳು ಓದ್ತಾಳೆ, ಕೇಳ್ರಿ."

ಗುಡಿಸಲಿನ ಸೂರಿಗೆ ಸಿಕ್ಕಿಸಿದ್ದ ಕಾಗದವನ್ನು ತೆಗೆದು ಒಬ್ಬ ಹುಡುಗಿಗೆ ಕೊಟ್ಟ. ಹನ್ನೊಂದು ಹನ್ನೆರಡು ವರ್ಷದವಳು. ತೋಳಿನಲ್ಲಿ ಒಂದು ಕುರಿಮರಿ. ಅದನ್ನು ಕೆಳಗಿಳಿಸಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ನೇರವಾಗಿ ನಿಂತಳು. ನಿಲ್ಲುವ ರೀತಿ ಅವಳ ಮೇಷ್ಟ್ರು ಕಲಿಸಿದ್ದು, ನೋಡಿದರೆ ತಿಳಿಯುತ್ತಿತ್ತು.

ಅವಳು ಓದಿದಳು. "ಈ ಹಟ್ಟಿಯ ಜನರಿಗೆ ವಿದ್ಯೆಯಲ್ಲಿ ಲವಲೇಶವೂ ಆಸ್ಥೆಯಿಲ್ಲದಿರುವುದರಿಂದಲೂ, ಇಲ್ಲಿನ ಮಕ್ಕಳು ಓದು ಬರಹವನ್ನು ಕಲಿಯಲು ಯೋಗ್ಯರಾಗಿ ಕಂಡುಬಾರದಿರುವುದರಿಂದಲೂ, ಉಪಾಧ್ಯಾಯನು ಕರ್ತವ್ಯದಲ್ಲಿ ಉದಾಸೀನನಾಗಿರುವುದರಿಂದಲೂ..." ಎಲ್ಲಿಯೂ ತಡವರಿಸಲಿಲ್ಲ. ಲವಲೇಶ ಎಂಬ ಮಾತು ನಾನು ದುರ್ಗದಲ್ಲಿ ಪಾಠ ಹೇಳಿದ ಹುಡುಗರಲ್ಲಿ ಅರ್ಧ ಜನಕ್ಕೆ ನೆಟ್ಟಗೆ ಬರುತ್ತಿರಲಿಲ್ಲ. ಒತ್ತಕ್ಷರ, ದೀರ್ಘ, ಎಲ್ಲ ಅದರದರ ಜಾಗದಲ್ಲಿ ಬಂದವು. ಮಕ್ಕಳೆಲ್ಲ ಸುಮ್ಮನೆ ಕೇಳುತ್ತಿದ್ದರು. ಅವರಿಗೆ ಅದು ಕೇಳಿ ಕೇಳಿ ಬಾಯಿಪಾಠವಾಗಿತ್ತೆಂದು ತೋರುತ್ತದೆ, ಕೆಲವರ ತುಟಿಗಳು ಅವಳ ಜೊತೆಯಲ್ಲೇ ಆಡುತ್ತಿದ್ದವು.

ಕೊನೆಗೆ ಬಂದು ನಿಂತಳು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದೊಂದು ಓದಾಕೆ ಆಗಾದಿಲ್ಲ ಸ್ವಾಮಿ. ಗೀಚಿ ಇಟ್ಟಾರೆ."

ಅದು ನನ್ನ ರುಜು.

"ಅದು ನನ್ನ ಹೆಸರಮ್ಮ" ಎಂದೆ. "ಬರೆದವನು ನಾನು."

ಯಜಮಾನ ಕೈಯಲ್ಲಿದ್ದ ಹಾಲಿನ ಚೊಂಬನ್ನು ಕೆಳಗಿಟ್ಟ. ಹುಡುಗಿ ಕಾಗದವನ್ನೂ ನನ್ನನ್ನೂ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತಿಳಿಯದವರಿಗೆ ತಿಳಿಸುವ ಹಾಗೆ ಹೇಳಿದಳು.

"ತಪ್ಪು ಬರೆದೀರಿ. ತಪ್ಪು ಬರೆದ್ರೆ ಹತ್ತು ಸಲ ತಿದ್ದಬೇಕು. ನಮ್ಮ ಮೇಷ್ಟ್ರು ಹಂಗೇ ಮಾಡಿಸ್ತಿದ್ರು."

ತಿದ್ದುತ್ತೇನೆ ಎಂದೆ. ಮೇಷ್ಟ್ರು ಬೇಕೇ ಎಂದು ಯಜಮಾನನನ್ನು ಕೇಳಿದೆ. "ಬೇಕು. ಅವರೇ ಬೇಕು. ನೀವು ಬ್ಯಾಡ" ಎಂದ. ಅಷ್ಟರಲ್ಲಿ ಇಬ್ಬನಿ ಆರಿತ್ತು. ಬೇಲಿಯ ಮುಳ್ಳು ಸರಿಸಿ ಕುರಿ ಬಿಟ್ಟರು, ಮಕ್ಕಳು ಹಿಂದೆ ಹೋದರು. ಹನ್ನೊಂದಾಗುವುದಕ್ಕೆ ಇನ್ನೂ ಬಹಳ ಹೊತ್ತಿತ್ತು.

ದುರ್ಗಕ್ಕೆ ಬಂದು ಬರೆದೆ. ನನ್ನ ನಾಲ್ಕು ವರ್ಷದ ವರದಿಗಳೆಲ್ಲ ಸೋಮವಾರದ ವರದಿಗಳು, ಅವನ್ನು ನಂಬಬಾರದು ಎಂದು ಬರೆದೆ. ಹಟ್ಟಿಯ ಶಾಲೆ ಮುಚ್ಚಿದ್ದು ಅನ್ಯಾಯ, ಅಲ್ಲಿನ ಹೊತ್ತು ಇಬ್ಬನಿಯ ಹೊತ್ತಾಗಬೇಕು, ಉಳಿದ ಊರುಗಳಲ್ಲೂ ಶಾಲೆಯ ಹೊತ್ತನ್ನು ಆಯಾ ಊರಿನ ಕೆಲಸ ನೋಡಿ ಗೊತ್ತುಮಾಡಬೇಕು ಎಂದು ಬರೆದೆ. ಉತ್ತರ ಬರಲಿಲ್ಲ. ಮತ್ತೆ ಬರೆದೆ. ನಿಯಮದಲ್ಲಿ ಅವಕಾಶವಿಲ್ಲ ಎಂದು ಬಂತು. ನಮೂನೆಯಲ್ಲಿ ಇಲ್ಲ ಎಂದು ಬಂತು. ಮುಚ್ಚಿದ ಶಾಲೆಯನ್ನು ಮುಚ್ಚಿಸಿದವರೇ ತೆರೆಯಲು ಕೇಳುವುದು ವಿಚಿತ್ರ ಎಂದು ಒಬ್ಬರು ಬರೆದರು. ನಿಯಮ ನಮೂನೆ ಎಂದು ನಾನು ಊರೂರಿನಲ್ಲಿ ಆಡಿದ್ದ ಮಾತುಗಳೇ ಅಂಚೆಯಲ್ಲಿ ನನ್ನ ಮನೆ ಬಾಗಿಲಿಗೆ ಬರುತ್ತಿದ್ದವು. ಪ್ರತಿಯೊಂದಕ್ಕೂ ಸಿಟ್ಟು ಮಾಡಿಕೊಂಡು, ಸಿಟ್ಟು ನುಂಗಿಕೊಂಡು ಮತ್ತೆ ಬರೆದೆ. ಈ ಮಧ್ಯೆ ವಾರದ ಬೇರೆ ಬೇರೆ ದಿನ ಹಳ್ಳಿಗಳಿಗೆ ಹೋಗಿ, ಖಾಲಿ ಶಾಲೆಗಳ ಖಾಲಿ ವರದಿ ಬರೆದೆ. ಬಡ್ತಿ ಆರು ವರ್ಷ ತಡವಾಯಿತು.

ಹತ್ತನೆಯ ಕಾಗದವೋ ಹನ್ನೊಂದನೆಯದೋ, ರೈಲಿನಲ್ಲಿ ಬಂದಿದ್ದ ಆ ಅಧಿಕಾರಿಗಳ ಕೈಗೆ ಸೇರಿತು. ಅವರು ಒಪ್ಪಿಗೆ ಹಾಕಿದರು. ಆಮೇಲೆ ನಾಲ್ಕು ತಾಲ್ಲೂಕುಗಳಲ್ಲಿ ಬೆಳಗಿನ ಶಾಲೆಗಳು ಒಂದೊಂದಾಗಿ ಬಂದವು. ನಿವೃತ್ತಿಯ ದಿನ ಅದನ್ನೂ ಸೇರಿಸಿ ಹೊಗಳಿದರು. ನನ್ನ ಮುಂದಾಲೋಚನೆ ಎಂದರು.

ಹಟ್ಟಿಯ ಶಾಲೆ ತೆರೆಯುವ ಹೊತ್ತಿಗೆ ಎರಡು ವರ್ಷದ ಮೇಲಾಗಿತ್ತು. ಮೇಷ್ಟ್ರು ಹಾಲುರಾಮೇಶ್ವರದಿಂದ ಚಾಪೆ ಸುತ್ತಿಕೊಂಡು ಬಂದರು. ನಾನೂ ಹೋಗಿದ್ದೆ. ಒಪ್ಪಿಗೆಯ ಕಾಗದವನ್ನು ಯಜಮಾನನ ಕೈಗೆ ಕೊಟ್ಟು, ಮೊಮ್ಮಗಳನ್ನು ಕರೆಯಿರಿ, ಅವಳೇ ಓದಲಿ ಎಂದೆ. ದಾರಿಯುದ್ದಕ್ಕೂ ಅದೇ ಆಸೆಯಲ್ಲಿ ಬಂದಿದ್ದೆ. ಅದರ ಕೆಳಗೆ ನನ್ನ ರುಜುವನ್ನು ಈ ಸಲ ಬಿಡಿ ಬಿಡಿಯಾಗಿ ಬರೆದಿದ್ದೆ.

"ಲಗ್ನ ಮಾಡಿ ಕೊಟ್ವಿ ಸ್ವಾಮಿ, ಹೋದ ವರ್ಷ. ಮಡಕಶಿರಾದ ಆಚೆ, ತೆಲುಗರ ಕಡೆ. ಅಲ್ಲಿ ಇಸ್ಕೂಲು ಇಲ್ಲ."

ಆ ಹಳೆಯ ಆಜ್ಞೆಯನ್ನಾದರೂ ಕೊಡಿ, ಹರಿದು ಹಾಕುತ್ತೇನೆ ಎಂದೆ. ಯಜಮಾನ ಸೂರಿನ ಕಡೆ ನೋಡಿದ.

"ಅದನ್ನ ಅವಳು ತಗಂಡು ಹೋದ್ಲು. ಇಸ್ಕೂಲು ಮುಚ್ಚಿದ ಮ್ಯಾಲೆ ದಿನಾ ಅದನ್ನೇ ಓದ್ತಿದ್ಲು, ಮರೆತು ಹೋಗ್ತೈತೆ ಅಂತ. ಓದಾಕೆ ಬ್ಯಾರೆ ಏನಿತ್ತು ಸ್ವಾಮಿ ಅವಳ ತಾವ."

ಮಡಕಶಿರಾ ಮೈಸೂರು ಸೀಮೆಯ ಆಚೆ, ನನ್ನ ಅಧಿಕಾರ ಅಲ್ಲಿ ನಡೆಯುತ್ತಿರಲಿಲ್ಲ. ಉಣ್ಣೆ ಮಾರಲು ಆ ಕಡೆ ಹೋಗುವವರ ಕೈಯಲ್ಲಿ ಎರಡು ಓದುವ ಪುಸ್ತಕ ಕಟ್ಟಿ ಕಳಿಸಿದೆ. ತಲುಪಿದವೋ ಇಲ್ಲವೋ ತಿಳಿಯಲಿಲ್ಲ.